ಅವಧಿಗೆ ಮುನ್ನ ಮನೆ ಬಿಡುವಾಗ

ಕೆಲವು ವರ್ಷಗಳ ಹಿಂದೆ ನನಗೆ ಬೇರೆ ಊರಿಗೆ ವರ್ಗವಾಯಿತು. ಬಾಡಿಗೆಗೆ ಮನೆ ಹಿಡಿದು ಆಗ ಆರು ತಿಂಗಳಾಗಿತ್ತಷ್ಟೆ. ಕರಾರು ಹನ್ನೊಂದು ತಿಂಗಳದ್ದು. ಒಂದು ಸಂಜೆ ಮನೆಯೊಡೆಯರ ಜಗುಲಿಯ ಮೇಲೆ ಕುಳಿತು ಸಂಗತಿ ತಿಳಿಸಿದೆ. “ಆಗಲಿ ಮೇಷ್ಟ್ರೇ, ಸರ್ಕಾರದ ಕೆಲಸ, ನೀವಾದರೂ ಏನು ಮಾಡೀರಿ!” ಎಂದರು. ಆ ಮಾತನ್ನೇ ಒಪ್ಪಿಗೆಯೆಂದು ನಂಬಿ ಸಾಮಾನು ಕಟ್ಟಿಸಿದೆ. ಮುಂಗಡದ ಹಣ ಕೇಳಿದ ದಿನ ಅವರು ಉಳಿದ ಐದು ತಿಂಗಳ ಬಾಡಿಗೆಯನ್ನೂ ಸುಣ್ಣಬಣ್ಣದ ಖರ್ಚನ್ನೂ ಮುರಿದುಕೊಂಡು, ಮಿಕ್ಕ ಅಲ್ಪಸ್ವಲ್ಪವನ್ನು ಕೈಗಿತ್ತರು. ಹದಿನೈದು ದಿನದೊಳಗೆ ಆ ಮನೆಗೆ ಬೇರೆ ಸಂಸಾರ ಬಂದಿತೆಂದು ಆಮೇಲೆ ಕೇಳಿದೆ. ನನ್ನ ಬಳಿಯಾದರೋ ಒಂದು ಚೀಟಿಯೂ ಇರಲಿಲ್ಲ. ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟವನಿಗೆ ಆಡುಮಾತಿಗೂ ಬರಹಕ್ಕೂ ಇರುವ ಅಂತರ ಅಂದು ಚೆನ್ನಾಗಿ ತಿಳಿಯಿತು.

ಈ ಜಗಳ ಇಂದು ನಿನ್ನೆಯದಲ್ಲ. ಬಾಡಿಗೆ ಎಂಬ ಮಾತೇ ಸಂಸ್ಕೃತದ ‘ಭಾಟಕ’ದ ತದ್ಭವ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಚಾರ ಬಂದಿದೆ. ಬಾಡಿಗೆ ಕೊಡುತ್ತಿರುವವನನ್ನು ಒಡೆಯನು ಹೊರಡಿಸಿದರೆ ಹನ್ನೆರಡು ಪಣ ದಂಡ. ಬಾಡಿಗೆದಾರನು ತಾನಾಗಿಯೇ ಬಿಟ್ಟು ಹೋದರೆ ವರ್ಷದ ಬಾಡಿಗೆಯಲ್ಲಿ ಉಳಿದದ್ದನ್ನೆಲ್ಲ ತೆರಬೇಕು. ನನ್ನ ಮನೆಯೊಡೆಯರು ಅರ್ಥಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರು ಹಾಕಿದ್ದು ಕೌಟಿಲ್ಯನ ಲೆಕ್ಕವನ್ನೇ.

ಇಂದಿನ ಕಾಯಿದೆಯ ಲೆಕ್ಕ ಬೇರೆ. 1872ರ ಕರಾರು ಕಾಯಿದೆಯ 73ನೆಯ ಕಲಮಿನಂತೆ, ಕರಾರು ಮುರಿದವನು ತುಂಬಿಕೊಡಬೇಕಾದದ್ದು ಮುರಿದದ್ದರಿಂದ ಎದುರಿನವನಿಗೆ ಸಹಜವಾಗಿ ಒದಗಿದ ನಷ್ಟವನ್ನು. ಆ ನಷ್ಟವನ್ನು ತಗ್ಗಿಸಿಕೊಳ್ಳಲು ಎದುರಿನವನಿಗೆ ಯಾವ ದಾರಿಯಿತ್ತೆಂಬುದನ್ನೂ ಎಣಿಕೆಗೆ ತೆಗೆದುಕೊಳ್ಳಬೇಕೆಂದು ಅದೇ ಕಲಮು ಹೇಳುತ್ತದೆ. ಮನೆ ಹದಿನೈದು ದಿನ ಖಾಲಿಯಿದ್ದು ಮತ್ತೆ ಬಾಡಿಗೆಗೆ ಹೋಯಿತೆಂದರೆ ಐದು ತಿಂಗಳ ನಷ್ಟವಾಯಿತೆಂದು ವಾದಿಸುವುದು ಕಷ್ಟ. ನಡುವೆ ಬಿಟ್ಟರೆ ಇಂತಿಷ್ಟು ಕೊಡತಕ್ಕದ್ದೆಂದು ಪತ್ರದಲ್ಲಿ ಮೊದಲೇ ಬರೆದಿದ್ದರೂ, 74ನೆಯ ಕಲಮಿನಂತೆ ಅದು ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವೆನಿಸುವಷ್ಟು ಪರಿಹಾರ ಸಲ್ಲುತ್ತದೆ. ಹಾಗೆಂದು ಅಂಥ ಷರತ್ತನ್ನು ಹಗುರವಾಗಿ ಕಾಣಬಾರದು. ಈಚಿನ ಕರಾರುಗಳಲ್ಲಿ ‘ಲಾಕ್-ಇನ್’ ಎಂಬ ಹೆಸರಿನಲ್ಲಿ, ಇಷ್ಟು ತಿಂಗಳು ಬಿಡಕೂಡದೆಂಬ ಸಾಲು ಇರುವುದುಂಟು. ರುಜು ಹಾಕುವ ಮುನ್ನ ಅದನ್ನು ಹುಡುಕಿ ಓದಿಕೊಳ್ಳುವುದು ಲೇಸು.

ಕರಾರು ಹನ್ನೊಂದೇ ತಿಂಗಳದ್ದೇಕೆ? ಒಂದು ವರ್ಷಕ್ಕೆ ಮೀರಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳಲು ಕಂಡುಕೊಂಡ ಉಪಾಯವಿದು. ಹನ್ನೊಂದು ತಿಂಗಳಾದ ಮೇಲೂ ಹೊಸ ಪತ್ರ ಬರೆಯದೆ ಹಾಗೆಯೇ ಇದ್ದುಬಿಡುವವರು ಬಹಳ ಮಂದಿ. ಒಡೆಯರು ಬಾಡಿಗೆ ತೆಗೆದುಕೊಳ್ಳುತ್ತಾರೆ, ಇವರು ಕೊಡುತ್ತಾರೆ. ಹಾಗೆ ಮುಂದುವರಿದ ವಾಸದ ಮನೆಯ ಬಾಡಿಗೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯಿದೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯೆಂದು ಭಾವಿಸುತ್ತದೆ. ಬೇರೆ ಮಾತು ಆಗಿರದಿದ್ದರೆ ಹದಿನೈದು ದಿನಗಳ ನೋಟೀಸು ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಅದನ್ನು ಮುಗಿಸಬಹುದು. ಅವಧಿ ಇನ್ನೂ ನಡೆಯುತ್ತಿದ್ದರೆ ಮಾತ್ರ ಈ ಹದಿನೈದು ದಿನದ ಸೌಕರ್ಯ ಸಿಗದು. ಆಗ ಕರಾರಿನಲ್ಲೇ ಅವಕಾಶವಿರಬೇಕು, ಇಲ್ಲವೆ ಒಡೆಯರು ಒಪ್ಪಬೇಕು. ಬೆಂಕಿಯಿಂದಲೋ ನೆರೆಯಿಂದಲೋ ಮನೆ ವಾಸಕ್ಕೆ ಬಾರದಷ್ಟು ಕೆಟ್ಟುಹೋದರೆ ಆ ಮಾತು ಬೇರೆ.

ಆದುದರಿಂದ ಒಪ್ಪಿಗೆ ಬರಹದಲ್ಲಿರಲಿ. ಇಂಥ ತಾರೀಖಿಗೆ ಮನೆ ಬಿಡುತ್ತೇನೆಂದು ನಾಲ್ಕು ಸಾಲು ಬರೆದು, ಒಡೆಯರಿಂದ ರುಜು ಪಡೆದು, ಪ್ರತಿಯನ್ನು ಇಟ್ಟುಕೊಳ್ಳಬೇಕು. ಅವರು ರುಜು ಹಾಕಲು ಹಿಂಜರಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು.

ಇನ್ನು ಬೀಗದ ಕೈ. ಸಾಮಾನು ಸಾಗಿಸಿದ ಮಾತ್ರಕ್ಕೆ ಮನೆ ಬಿಟ್ಟಂತಾಗಲಿಲ್ಲ. ನಮ್ಮ ಬೀಗ ಬಾಗಿಲಲ್ಲಿ ತೂಗುತ್ತಿರುವವರೆಗೆ ಮನೆ ನಮ್ಮ ವಶದಲ್ಲೇ ಇದೆಯೆಂದು ಒಡೆಯರು ಹೇಳಿದರೆ ತಪ್ಪೆನ್ನಲಾಗದು. ಕೈಯನ್ನು ಒಡೆಯರಿಗೇ ಒಪ್ಪಿಸಿ, ಒಪ್ಪಿಸಿದ ದಿನವನ್ನು ಬರೆಸಿಕೊಂಡು ರಸೀತಿ ಪಡೆಯಬೇಕು. ಗೋಡೆ, ನಲ್ಲಿ, ಕಿಟಕಿಗಳ ಚಿತ್ರಗಳನ್ನು ಅಂದೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಕ್ಕೆ ಕೊಡತಕ್ಕದ್ದು. ಆದರೆ ಬಳಕೆಯಿಂದಾದ ಸಹಜವಾದ ಸವೆತಕ್ಕೆ ಬಾಡಿಗೆದಾರನು ಹೊಣೆಯಲ್ಲವೆಂದು ಕಾಯಿದೆಯಲ್ಲಿಯೇ ಇದೆ. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೆಂದು ಕರಾರಿನಲ್ಲಿ ಒಪ್ಪಿದ್ದರೆ ಮಾತ್ರ ಬಾಯಿ ಬಿಡುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಬಹುಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳಿತು. ಆದರೆ ಅದು ಮಾದರಿ. ರಾಜ್ಯಗಳು ತಾವಾಗಿ ಶಾಸನ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ.

ಭೋಗ್ಯದ ಮನೆಗಳಲ್ಲಿ ಬೀಗದ ಕೈಯ ವಿಷಯ ತಿರುವುಮುರುವು. ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ತೀರಿದಾಗ ಬಡ್ಡಿಯಿಲ್ಲದೆ ಅಸಲನ್ನು ಪಡೆಯುವುದು ಭೋಗ್ಯದ ಕ್ರಮ. ಆ ಹಣ ಒಡೆಯರ ಪೆಟ್ಟಿಗೆಯಲ್ಲಿ ಕುಳಿತಿರುವುದಿಲ್ಲ. ಮಹಡಿ ಕಟ್ಟಲು, ಸಾಲ ತೀರಿಸಲು, ಮಗಳ ಮದುವೆಗೆ ಹೋಗಿರುತ್ತದೆ. ನಡುವೆ ಬಿಡುತ್ತೇನೆಂದರೆ ಎಲ್ಲಿಂದ ತಂದಾರು? ಮತ್ತೊಬ್ಬ ಭೋಗ್ಯದಾರನು ಬಂದು ಅವನ ಹಣ ಇವನಿಗೆ ಸಲ್ಲುವವರೆಗೆ ಕಾಯಬೇಕಾಗುತ್ತದೆ. ಹೆಚ್ಚಾಗಿ ಆ ಮತ್ತೊಬ್ಬನನ್ನು ಹುಡುಕುವವನೂ ಇವನೇ. ಇಲ್ಲಿ ಹಣ ಕೈಸೇರುವ ಮುನ್ನ ಬೀಗದ ಕೈ ಕೊಡಬಾರದು. ನೋಂದಣಿಯಾಗದ ಭೋಗ್ಯ ಪತ್ರವು ಕಷ್ಟಕಾಲದಲ್ಲಿ ಕೈಕೊಡುವುದೂ ಉಂಟು.

ನಾನು ಈಗಿರುವ ಮನೆಯ ಒಡತಿ ವಯಸ್ಸಾದ ವಿಧವೆ. ಬಾಡಿಗೆಯಿಂದಲೇ ಅವರ ಅನ್ನ, ಔಷಧಿ. ನನಗಿಂತ ಮುಂಚೆ ಇದ್ದ ಹುಡುಗರು ಒಂದು ರಾತ್ರಿ ಹೇಳದೆ ಕೇಳದೆ ಹೊರಟು, ಬೀಗದ ಕೈಯನ್ನು ಕಿಟಕಿಯಲ್ಲಿ ಇಟ್ಟು ಹೋಗಿದ್ದರಂತೆ. ಮನೆ ಎರಡು ತಿಂಗಳು ಖಾಲಿ ಬಿದ್ದಿತ್ತು. ಮುಂಗಡವಿತ್ತಲ್ಲ ಎನ್ನಬಹುದು, ಅದು ಹಿಂದಿನ ಬಾಡಿಗೆಯ ಬಾಕಿಗೇ ಸರಿಹೋಗಿತ್ತು. ಅವರ ಮುಂದೆ ಕುಳಿತಾಗ ನನ್ನ ಹಳೆಯ ಕಥೆಯನ್ನು ಹೇಳಲು ಸಂಕೋಚವೆನಿಸಿತು. ಆದರೂ ಹೇಳಿ, ಒಂದು ಸಾಲನ್ನು ಹೆಚ್ಚಿಗೆ ಬರೆಯಬೇಕೆಂದು ಕೇಳಿಕೊಂಡೆ: ವರ್ಗವಾದರೆ ಒಂದು ತಿಂಗಳ ನೋಟೀಸು ಕೊಟ್ಟು ಬಿಡಬಹುದು, ಮತ್ತೆ ಯಾವ ನಷ್ಟವನ್ನೂ ಕೇಳತಕ್ಕದ್ದಲ್ಲ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. “ಬರೀರಿ ಮೇಷ್ಟ್ರೇ, ಆದರೆ ಎರಡು ತಿಂಗಳು ಅಂತ ಬರೀರಿ” ಎಂದರು. ಎರಡೆಂದೇ ಬರೆದೆವು.