ಬೆಟ್ಟದ ಮಠಕ್ಕೆ ಎರಡು ದಾರಿ

ನಿವೃತ್ತಿಯ ಬಳಿಕ ಒಮ್ಮೆ ಪ್ರವಾಸಿ ತಂಡವೊಂದರ ಜತೆ ಗ್ರೀಸ್ ದೇಶದ ಮೆಟಿಯೊರಾಕ್ಕೆ ಹೋಗಿದ್ದೆ. ಬಯಲಿನಿಂದ ನೆಟ್ಟಗೆ ಎದ್ದು ನಿಂತ ಬಂಡೆಗಳ ನೆತ್ತಿಯಲ್ಲಿ ಕ್ರೈಸ್ತ ಸನ್ಯಾಸಿಗಳ ಮಠಗಳು. ಒಂದು ಕಾಲಕ್ಕೆ 20ಕ್ಕೂ ಹೆಚ್ಚಿದ್ದವು. ಇಂದು ವಾಸವಿರುವುದು 6ರಲ್ಲಿ ಮಾತ್ರ. ಹಿಂದೆ ಸನ್ಯಾಸಿಗಳೂ ಅವರ ದವಸಧಾನ್ಯವೂ ಹಗ್ಗದ ಬಲೆಯಲ್ಲಿ ಮೇಲೇರಬೇಕಿತ್ತು. 1920ರ ದಶಕದಲ್ಲಿ ಬಂಡೆ ಕಡಿದು ಮೆಟ್ಟಿಲು ಮಾಡಿದರು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನಮಗೆ ದೊರೆತ ಅವಧಿ ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ, ಮಠದ ನಿಯಮದಂತೆ ಮಹಿಳೆಯರು ಪ್ಯಾಂಟಿನ ಮೇಲೆ ಲಂಗ ಸುತ್ತಿಕೊಳ್ಳುವುದರಲ್ಲೇ ಕಳೆಯಿತು. ಸೀರೆಯುಟ್ಟಿದ್ದ ನನ್ನ ಪತ್ನಿ ಮಾತ್ರ ನಿರಾಯಾಸವಾಗಿ ಒಳನಡೆದಳು.

ಅಲ್ಲಿ ನನಗೆ ನೆನಪಾದದ್ದು ಸಾತನೂರು. ಶಿವರಾತ್ರಿ ಸಮೀಪಿಸಿದಂತೆ ನಮ್ಮೂರ ದಾರಿಯಲ್ಲಿ ಗಂಟು ಹೊತ್ತ ಗುಂಪುಗಳು 'ಉಘೇ ಮಾದಪ್ಪ' ಎನ್ನುತ್ತ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುತ್ತಿದ್ದವು. ಅಲ್ಲಿಯೂ ಬೆಟ್ಟದ ಮೇಲೊಂದು ಮಠವಿದೆ. ದೇವಾಲಯದ ಆಡಳಿತ 1953ರಲ್ಲಿ ಸರ್ಕಾರಕ್ಕೆ ಬರುವವರೆಗೂ ಆ ಸಾಲೂರು ಮಠದ ಕೈಯಲ್ಲಿತ್ತು. ಬಸ್ಸಿನವರಿಗೆ ಮಳವಳ್ಳಿ, ಕೊಳ್ಳೇಗಾಲ, ಹನೂರು, ತಾಳಬೆಟ್ಟದ ದಾರಿ. ನಡೆಯುವವರಿಗೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ. ಅಲ್ಲಿ ಹೊಳೆ ದಾಟಿ, ಕಾಡು ಹೊಕ್ಕು, ದಿನಗಟ್ಟಲೆ ನಡೆಯುವುದು. ಅದೂ ಗುಂಪು ಪ್ರವಾಸವೇ. ಹಿಂದೆ ಹೋಗಿಬಂದವನೇ ಮಾರ್ಗದರ್ಶಿ, ದಾರಿಯ ಹಳ್ಳಿಯವರು ಕೊಡುವ ಅನ್ನ ಮಜ್ಜಿಗೆಯೇ ಊಟೋಪಚಾರ. ಅರ್ಥಶಾಸ್ತ್ರ ಓದಿದ ನನಗೆ ಇದನ್ನು ಯಾವ ಲೆಕ್ಕದಲ್ಲಿ ಬರೆಯಬೇಕೆಂದು ಇಂದಿಗೂ ತಿಳಿದಿಲ್ಲ.

ಈಚಿನ ವರ್ಷಗಳಲ್ಲೂ ಸಾವಿರಾರು ಮಂದಿ ಹೀಗೆ ನಡೆದಿದ್ದಾರೆ. ಆದರೆ ಪ್ರವಾಸೋದ್ಯಮವೆಂದೊಡನೆ ನಮ್ಮ ಕಡತಗಳಲ್ಲಿ ಮೂಡುವುದು ರಸ್ತೆ, ವಸತಿಗೃಹ, ವಾಹನ ನಿಲುಗಡೆ. ಕಡತಗಳ ನಡುವೆಯೇ ಆಯುಷ್ಯ ಸವೆಸಿದವನಾದ್ದರಿಂದ ಈ ದೋಷದಲ್ಲಿ ನನಗೂ ಪಾಲುಂಟು. ನಡೆದು ಬರುವವನು ಟಿಕೆಟ್ ಕೊಳ್ಳುವುದಿಲ್ಲ. ಆದ್ದರಿಂದ ಅಂಕಿಅಂಶದಲ್ಲಿ ಅವನಿಲ್ಲ.

ಅರಣ್ಯಾಧಿಕಾರಿಗಳ ಆತಂಕ ನಿರಾಧಾರವಲ್ಲ. ದಾರಿ ಸಾಗುವುದು ಕಾವೇರಿ ಮತ್ತು 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಧಾಮಗಳ ಆನೆಗಳ ನೆಲೆಯಲ್ಲಿ. ಬೇಸಿಗೆಯ ಬಾಗಿಲಲ್ಲಿ ಒಣಗಿದ ಕಾಡಿಗೆ ಒಂದು ಬೀಡಿಯ ಕಿಡಿ ಸಾಕು. ಪ್ಲಾಸ್ಟಿಕ್ಕಿನ ಹಾವಳಿ ಬೇರೆ. ದಿನಗಳನ್ನು ಗೊತ್ತುಪಡಿಸಲಿ, ಕತ್ತಲಲ್ಲಿ ನಡೆಯುವುದನ್ನು ತಡೆಯಲಿ, ಗುಂಪುಗಳನ್ನು ಎಣಿಸಿ ಬಿಡಲಿ. ಅದಕ್ಕೂ ಮುಖ್ಯವಾದದ್ದು ಹೊಳೆ. ಮೇಲಿನಿಂದ ನೀರು ಬಿಟ್ಟರೆ ಸಂಗಮದ ಮಟ್ಟ ಏರುತ್ತದೆ. ಆ ಹತ್ತು ದಿನ ನೀರು ಬಿಡುವ ವೇಳೆಯನ್ನು ದಡದಲ್ಲಿರುವವರಿಗೆ ಮುಂಚಿತವಾಗಿ ತಿಳಿಸುವ ಖಚಿತ ಏರ್ಪಾಡು, ಹಗ್ಗ, ದೋಣಿ, ಈಜು ಬಲ್ಲ ಸಿಬ್ಬಂದಿ ಇರಬೇಕು. ಒಂದು ಕಿಲೋಮೀಟರು ರಸ್ತೆ ಅಗಲಿಸುವ ಹಣದ ಸಣ್ಣ ಪಾಲು ಇದಕ್ಕೆ ಸಾಕೆಂಬುದು ನನ್ನ ಅಂದಾಜು.

ಕಾಲೇಜಿನ ದಿನಗಳಲ್ಲಿ ಒಮ್ಮೆ ನಾನೂ ಆ ಗುಂಪಿನಲ್ಲಿ ಹೋಗಿದ್ದೆ. ನೀರು ಎದೆಮಟ್ಟಕ್ಕೆ ಬಂದಾಗ ಕಾಲು ನಡುಗಿತು. ಮುಂದಿದ್ದ ಅಪರಿಚಿತ ಮುದುಕರೊಬ್ಬರು ಹೆಗಲ ಟವೆಲಿನ ಒಂದು ತುದಿಯನ್ನು ನನ್ನ ಕೈಗಿತ್ತು, ಇನ್ನೊಂದನ್ನು ತಾವು ಹಿಡಿದು, ಹಿಂದಿರುಗಿ ನೋಡದೆ ನಡೆದರು. ಆಚೆ ದಡ ಸೇರಿದ ಮೇಲೆ ಅದನ್ನು ಹಿಂಡಿ ತಲೆಗೆ ಸುತ್ತಿಕೊಂಡರು.