ವಾಹನದ ಮುಂಭಾಗದ ಗಾಜಿನ ಮೇಲಿನ ಗಟ್ಟಿ ಕಲೆಗಳನ್ನು ಸುರಕ್ಷಿತವಾಗಿ ತೆಗೆಯುವ ವಿಧಾನ

(ಅರ್ಹತಾ ಪತ್ರ ಹಾಗೂ ನೋಂದಣಿ ನವೀಕರಣದ ಅರ್ಜಿದಾರರ ಮಾಹಿತಿಗಾಗಿ)

ಎಫ್.ಸಿ. ಎಂದು ರೂಢಿಯಲ್ಲಿರುವ ಅರ್ಹತಾ ಪತ್ರವನ್ನು ಸಾರಿಗೆ ವಾಹನಗಳ ಮಾಲೀಕರು ಮೊದಲ 8 ವರ್ಷಗಳವರೆಗೆ ಎರಡು ವರ್ಷಗಳಿಗೊಮ್ಮೆಯೂ ತದನಂತರ ಪ್ರತಿ ವರ್ಷವೂ ನವೀಕರಿಸಿಕೊಳ್ಳತಕ್ಕದ್ದು. ಖಾಸಗಿ ಕಾರುಗಳ ನೋಂದಣಿಯು 15 ವರ್ಷಗಳ ಅವಧಿಗೆ ಸಿಂಧುವಾಗಿದ್ದು, ಆನಂತರ 5 ವರ್ಷಗಳ ಅವಧಿಗೆ ನವೀಕರಿಸಲ್ಪಡುತ್ತದೆ. ಎರಡೂ ಸಂದರ್ಭಗಳಲ್ಲಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 62ನೇ ನಿಯಮದಲ್ಲಿ ನೀಡಿರುವ ಪರೀಕ್ಷಾ ಪಟ್ಟಿಯಲ್ಲಿ ದೀಪ, ಬ್ರೇಕ್ ಮತ್ತು ಸ್ಟಿಯರಿಂಗ್‌ಗಳೊಂದಿಗೆ ಮುಂಭಾಗದ ಗಾಜು ಹಾಗೂ ವೈಪರ್ ಕೂಡ ಸೇರಿವೆ.

ತಪಾಸಣೆಯ ಹಿಂದಿನ ದಿನ ಗಾಜನ್ನು ಪಾತ್ರೆ ತಿಕ್ಕುವ ತಂತಿ ಜುಂಗು, ಮರಳುಕಾಗದ ಅಥವಾ ನೆಲ ತೊಳೆಯುವ ಆಸಿಡ್‌ನಿಂದ ಉಜ್ಜುವುದುಂಟು. ಕಲೆಯನ್ನು ತಾಳ್ಮೆಯಿಂದ ತೆಗೆಯಬಹುದು. ಉಜ್ಜಿ ಮೂಡಿಸಿದ ಗೀರನ್ನು ಮಾತ್ರ ಮನೆಯಲ್ಲಿ ಅಳಿಸಲು ಬಾರದು. ಹಗಲಿನಲ್ಲಿ ಕಣ್ಣಿಗೇ ಬೀಳದ ನವಿರಾದ ಗೀರುಗಳು ರಾತ್ರಿ ಎದುರಿನಿಂದ ಬರುವ ವಾಹನದ ಬೆಳಕನ್ನು ಚದುರಿಸಿ ಗಾಜಿನ ತುಂಬ ಬಿಳಿ ಮುಸುಕನ್ನು ಹರಡುತ್ತವೆ. ಸಂಜೆ ಪಶ್ಚಿಮಾಭಿಮುಖವಾಗಿ ಚಲಿಸುವಾಗಲೂ ಇದೇ ತೊಂದರೆ. ಆ ಕೆಲವು ಕ್ಷಣಗಳಲ್ಲಿ ರಸ್ತೆ ದಾಟುತ್ತಿರುವ ಪಾದಚಾರಿಯಾಗಲಿ, ದೀಪವಿಲ್ಲದ ಎತ್ತಿನ ಗಾಡಿಯಾಗಲಿ ಚಾಲಕನಿಗೆ ಕಾಣಿಸುವುದಿಲ್ಲ. ಆದುದರಿಂದ ತಪಾಸಣೆಯಲ್ಲಿ ಉತ್ತೀರ್ಣವಾಗುವುದಕ್ಕಿಂತ ಮಿಗಿಲಾದ ಕಾರಣಕ್ಕಾಗಿ ಈ ವಿಷಯಕ್ಕೆ ಗಮನ ಕೊಡುವುದು ಅವಶ್ಯ.

ಮುಂಭಾಗದ ಗಾಜು ಒಂದೇ ಹಾಳೆಯಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದು ಇದನ್ನು ತಯಾರಿಸಲಾಗುತ್ತದೆ. ಏಟು ಬಿದ್ದು ಒಡೆದರೂ ಚೂರುಗಳು ಉದುರದೆ ಆ ಪದರಕ್ಕೆ ಅಂಟಿಕೊಂಡಿರುತ್ತವೆ. ಇಂತಹ ಗಾಜಿನ ಅಂಚಿಗೆ ತೀಕ್ಷ್ಣ ರಾಸಾಯನಿಕಗಳು ಇಳಿಯದಂತೆ ಎಚ್ಚರ ವಹಿಸಬೇಕು. ಬಿಸಿಲಿನಲ್ಲಿ ಕಾದ ಗಾಜಿಗೆ ತಣ್ಣೀರನ್ನಾಗಲಿ, ಚಳಿಗಾಲದ ಮುಂಜಾನೆ ತಣ್ಣನೆಯ ಗಾಜಿಗೆ ಕುದಿಯುವ ನೀರನ್ನಾಗಲಿ ಸುರಿಯಕೂಡದು. ಮೊದಲೇ ಇರುವ ಸಣ್ಣ ಬಿರುಕು ಕ್ಷಣಾರ್ಧದಲ್ಲಿ ಉದ್ದಕ್ಕೂ ಹರಿಯಬಹುದು.

ಕೆಲಸಕ್ಕೆ ತೊಡಗುವ ಮುನ್ನ ಕಲೆ ಯಾವ ಬದಿಯಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು. ಒಳಬದಿಯ ಮಬ್ಬನ್ನು ಹೊರಗಿನಿಂದ ಗಂಟೆಗಟ್ಟಲೆ ಉಜ್ಜುವವರು ವಿರಳರಲ್ಲ. ಆ ಮಬ್ಬು ಬಹುಮಟ್ಟಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಕಾದು ಹೊರಬಿಟ್ಟ ಆವಿ ಹಾಗೂ ಅಗರಬತ್ತಿ, ಬೀಡಿ, ಸಿಗರೇಟುಗಳ ಹೊಗೆಯಿಂದ ಕೂಡಿದ್ದು, ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಗೆ ಸುಲಭವಾಗಿ ಬಿಡುತ್ತದೆ. ಎರಡನೆಯದಾಗಿ, ಒದ್ದೆ ಮಾಡಿದ ಕಲೆಯ ಮೇಲೆ ಉಗುರನ್ನು ಮೆಲ್ಲನೆ ಆಡಿಸಿ ನೋಡಬೇಕು. ಉಬ್ಬು ತಗುಲಿದರೆ ಅದು ಅಂಟಿಕೊಂಡ ವಸ್ತು. ಉಗುರು ತಗ್ಗಿಗೆ ಸಿಕ್ಕಿಕೊಂಡರೆ ಅದು ಕಲ್ಲೇಟಿನ ಗುಂಡಿ ಅಥವಾ ಗೀರು. ಗುಂಡಿಯನ್ನು ಯಾವ ದ್ರಾವಣವೂ ತೆಗೆಯಲಾರದು. ಅದನ್ನು ಗಾಜಿನ ದುರಸ್ತಿ ಮಾಡುವವರಿಗೆ ತೋರಿಸುವುದೇ ಸರಿ.

ಯಾವುದೇ ಕಲೆಯಾಗಲಿ, ಮೊದಲ ಹೆಜ್ಜೆ ನೀರು. ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ವೈಪರ್‌ಗಳನ್ನು ಎತ್ತಿಟ್ಟು, ಧೂಳನ್ನು ನೀರು ಸುರಿದು ಇಳಿಸಬೇಕೇ ಹೊರತು ಒಣಬಟ್ಟೆಯಿಂದ ಒರೆಸಬಾರದು. ಸಂಡೂರು, ಬಳ್ಳಾರಿಯ ಅದಿರು ಧೂಳು ಮತ್ತು ಕರಾವಳಿಯ ಕೆಂಪು ಮಣ್ಣಿನ ಕಣಗಳು ಬಟ್ಟೆಗೆ ಸಿಕ್ಕಿ ಮರಳುಕಾಗದದಂತೆಯೇ ವರ್ತಿಸುತ್ತವೆ. ಇದಕ್ಕೆ ಹೆಚ್ಚು ನೀರು ಬೇಕಾಗಿಲ್ಲ. ಒಂದು ಬಕೆಟ್ ಹಾಗೂ ಚೊಂಬು ಸಾಕು. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿದ್ದನ್ನು ಇಲ್ಲಿ ಸ್ಮರಿಸಬಹುದು.

ಬಿಳಿಯ ಚುಕ್ಕೆಗಳು ಅತ್ಯಂತ ಹಠಮಾರಿ ಕಲೆಗಳು. ಕೊಳವೆಬಾವಿಯ ಗಡಸು ನೀರು ಗಾಜಿನ ಮೇಲೆ ಒಣಗಿದಾಗ ಅದರಲ್ಲಿನ ಸುಣ್ಣದಂಶ ಉಳಿದುಬಿಡುತ್ತದೆ. ಸಾಬೂನು ಇದಕ್ಕೆ ನಾಟುವುದಿಲ್ಲ, ಹುಳಿ ಬೇಕು. ಅಡುಗೆಗೆ ಬಳಸುವ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ನೆನೆಸಿ ಕಲೆಯ ಮೇಲೆ ಹತ್ತು ನಿಮಿಷ ಹೊದಿಸಿಡಬೇಕು. ಬಟ್ಟೆ ಒಣಗಬಾರದು. ಬಳಿಕ ಮೃದುವಾಗಿ ಒರೆಸಿ, ಬಣ್ಣದ ಮೇಲೂ ರಬ್ಬರಿನ ಮೇಲೂ ಹುಳಿ ಉಳಿಯದಂತೆ ತೊಳೆಯಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಮರುದಿನ ಪುನಃ ಮಾಡುವುದು ಲೇಸು. ವರ್ಷಗಟ್ಟಲೆ ಉಳಿದ ಚುಕ್ಕೆಗಳು ಗಾಜನ್ನೇ ಸವೆಸಿರುವ ಸಂಭವವಿದ್ದು, ಅಂತಹವು ಪೂರ್ತಿಯಾಗಿ ಹೋಗಲಾರವು. ಶೌಚಾಲಯ ತೊಳೆಯುವ ಆಸಿಡ್‌ನಿಂದ ಬಣ್ಣ ಮತ್ತು ಲೋಹದ ಭಾಗಗಳು ಹಾಳಾಗುತ್ತವೆ. ಅದರೊಂದಿಗೆ ಬ್ಲೀಚಿಂಗ್ ಪುಡಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಉಂಟಾಗುತ್ತದೆ. ಆದ್ದರಿಂದ ಇವೆರಡನ್ನೂ ಗಾಜಿನ ಹತ್ತಿರ ತರಬಾರದು.

ಮರದ ಅಂಟು, ರಸ್ತೆಯ ಡಾಂಬರು ಮತ್ತು ಹಳೆಯ ಸ್ಟಿಕ್ಕರ್‌ಗಳ ಗೋಂದಿಗೆ ಎಣ್ಣೆಯೇ ಮದ್ದು. ಹಲಸಿನ ಮೇಣವನ್ನು ಕೈಯಿಂದ ಬಿಡಿಸಲು ಮನೆಗಳಲ್ಲಿ ಕೊಬ್ಬರಿ ಎಣ್ಣೆ ಹಚ್ಚುವುದು ಎಲ್ಲರಿಗೂ ತಿಳಿದದ್ದೇ. ಗಾಜಿನ ಮೇಲೂ ಅದೇ ಉಪಾಯ ನಡೆಯುತ್ತದೆ. ಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟು, ಸಡಿಲಗೊಂಡ ಅಂಟನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಸರಿಸಬಹುದು. ಜಗ್ಗದ ಗೋಂದಿಗೆ ನೀಲಗಿರಿ ಎಣ್ಣೆಯ ಕೆಲವೇ ಹನಿ ಸಾಕು. ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಬೆಂಕಿಯಿಂದ ದೂರವಿರಬೇಕು. ಪೆಟ್ರೋಲ್ ಬಳಕೆ ಸರ್ವಥಾ ಕೂಡದು. ಕೊನೆಯಲ್ಲಿ ಸಾಬೂನಿನ ನೀರಿನಿಂದ ಎಣ್ಣೆಯ ಜಿಡ್ಡನ್ನು ಸಂಪೂರ್ಣವಾಗಿ ತೆಗೆಯದಿದ್ದಲ್ಲಿ ಮೊದಲ ಮಳೆಗೇ ಗಾಜು ಮಸುಕಾಗುತ್ತದೆ. ಹಕ್ಕಿಯ ಹಿಕ್ಕೆ, ಕೀಟಗಳ ಕಲೆಗಳಿಗೆ ಒದ್ದೆ ಬಟ್ಟೆ ಹೊದಿಸಿ ಕಾಯುವುದರ ಹೊರತು ಬೇರೇನೂ ಬೇಡ.

ಆಯುಧಪೂಜೆಯ ಮರುದಿನದ ಬಗ್ಗೆ ಒಂದು ಮಾತು. ಗಾಜಿಗೆ ಹಚ್ಚಿದ ವಿಭೂತಿ, ಗಂಧ, ಕುಂಕುಮ ಒಣಗಿದ ಮೇಲೆ ನೇರವಾಗಿ ವೈಪರ್ ಚಾಲನೆ ಮಾಡಿದರೆ ಕಣಗಳು ರಬ್ಬರಿನಡಿ ಸಿಲುಕಿ ಕಮಾನಿನಾಕಾರದ ಗೀರುಗಳನ್ನು ಎಳೆಯುತ್ತವೆ. ಪೂಜೆಗೆ ಯಾರ ಆಕ್ಷೇಪವೂ ಇಲ್ಲ. ಚಾಲಕನ ದೃಷ್ಟಿಗೆ ಅಡ್ಡವಾಗದ ಕಡೆ ತಿಲಕವಿಟ್ಟು, ವಾಹನ ಹೊರಡುವ ಮೊದಲು ಒದ್ದೆ ಬಟ್ಟೆಯಿಂದ ಗಾಜನ್ನೂ ವೈಪರ್ ರಬ್ಬರನ್ನೂ ಒರೆಸಿದರಾಯಿತು. ಗಟ್ಟಿಯಾದ ಅಥವಾ ಸೀಳಿದ ರಬ್ಬರನ್ನು ಬದಲಾಯಿಸುವ ವೆಚ್ಚವು ಗಾಜಿನ ಬೆಲೆಯ ಮುಂದೆ ಅತ್ಯಲ್ಪ.

ಗಾಜಿನ ಒಳಬದಿಯಲ್ಲಿ ಅಂಟಿಸಿರುವ ಎರಡು ವಸ್ತುಗಳಿಗೆ ಎಣ್ಣೆ, ವಿನೆಗರ್ ಅಥವಾ ಬ್ಲೇಡು ತಾಗಿಸಬಾರದು. ಮೊದಲನೆಯದು ಫಾಸ್ಟ್ಯಾಗ್. ಕಿತ್ತ ಫಾಸ್ಟ್ಯಾಗ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಫಾಸ್ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2025ರ ಜುಲೈನಲ್ಲಿ ಪ್ರಕಟಿಸಿದೆ. ಎರಡನೆಯದು, ಅತಿ ಸುರಕ್ಷಿತ ನೋಂದಣಿ ಫಲಕಗಳೊಂದಿಗೆ ನೀಡುವ ಮೂರನೆಯ ನೋಂದಣಿ ಗುರುತಿನ ಸ್ಟಿಕ್ಕರ್. ತೆಗೆಯಲೆತ್ನಿಸಿದರೆ ತಾನಾಗಿ ಹರಿದುಹೋಗುವಂತೆ ಅದನ್ನು ತಯಾರಿಸಲಾಗಿರುತ್ತದೆ. ಹಾಗೆಯೇ, ಹಿಂಭಾಗದ ಗಾಜಿನ ಒಳಬದಿಯಲ್ಲಿ ತೆಳುವಾದ ಅಡ್ಡಗೆರೆಗಳಿದ್ದಲ್ಲಿ ಅವು ಮಂಜು ನಿವಾರಿಸುವ ವಿದ್ಯುತ್ ತಂತುಗಳಾಗಿದ್ದು, ಅವುಗಳನ್ನು ಗೆರೆಗಳ ಉದ್ದಕ್ಕೆ ಮಾತ್ರ ಒರೆಸಬೇಕು.

ಖಾಸಗಿ ವಾಹನದ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳೊಳಗಾಗಿ ಅರ್ಜಿ ಸಲ್ಲಿಸಬಹುದು. ಬಿರುಕು ಬಿಟ್ಟ ಅಥವಾ ಚಾಲಕನ ನೇರ ದೃಷ್ಟಿಯಲ್ಲಿ ಆಳವಾದ ಗೀರುಗಳಿರುವ ಗಾಜನ್ನು ವಾಹನ ಹಾಜರುಪಡಿಸುವುದಕ್ಕೆ ಮೊದಲೇ ಬದಲಾಯಿಸಿಕೊಳ್ಳುವುದು ಸೂಕ್ತ. ಗಾಜನ್ನು ಬದಲಾಯಿಸಿದಾಗ ಹೊಸ ಫಾಸ್ಟ್ಯಾಗ್‌ಗಾಗಿ ಅದನ್ನು ನೀಡಿದ ಬ್ಯಾಂಕನ್ನೂ, ಮೂರನೆಯ ಗುರುತಿನ ಸ್ಟಿಕ್ಕರ್‌ಗಾಗಿ ಅಧಿಕೃತ ಫಲಕ ಪೂರೈಕೆದಾರರನ್ನೂ ನೋಂದಣಿ ಪತ್ರದೊಂದಿಗೆ ಸಂಪರ್ಕಿಸತಕ್ಕದ್ದು.