ಪಿಕಪ್ ಗಾಡಿಯ ಮುಂದಿನ ಬುಷ್‌ಗಳು: ಕೇಟರಿಂಗ್ ಮಾಲೀಕರು ತಿಳಿದಿರಬೇಕಾದದ್ದು



ಗ್ರೈಂಡರಿನ ಸದ್ದು ಸ್ವಲ್ಪ ಬದಲಾದರೂ ನಮಗೆ ಗಲ್ಲೆಯಲ್ಲಿ ಕುಳಿತಲ್ಲಿಂದಲೇ ಗೊತ್ತಾಗುತ್ತದೆ. ಡೀಪ್ ಫ್ರೀಜರ್ ತಣ್ಣಗಾಗದಿದ್ದರೆ ಅರ್ಧ ಗಂಟೆಯೊಳಗೆ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಆದರೆ ಮಾಡಿದ ಅಡುಗೆಯನ್ನು ಹಾಲಿಗೆ ಮುಟ್ಟಿಸುವ ಪಿಕಪ್ ಗಾಡಿ ಕೆಳಗಿನಿಂದ ಟಕ್ ಟಕ್ ಎಂದರೆ "ಡ್ರೈವರ್ ನೋಡಿಕೊಳ್ಳುತ್ತಾನೆ" ಎಂದು ಬಿಟ್ಟುಬಿಡುತ್ತೇವೆ. ನಾನೂ ಹಾಗೆ ಬಿಟ್ಟವನೇ. ಅದರಿಂದ ಆದದ್ದನ್ನು ಮೊದಲು ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇನೆ.

ನಮ್ಮ ಅಡುಗೆಮನೆ ಪುಣೆಯಲ್ಲಿದೆ. ಕೆಲವು ವರ್ಷಗಳ ಹಿಂದೆ ಖೋಪೋಲಿಯಲ್ಲಿ ಒಂದು ಮದುವೆಯ ಆರ್ಡರ್ ಇತ್ತು. ಬೆಳಗಿನ ಜಾವವೇ ಸಾಂಬಾರ್, ಸಾರು, ಪಾಯಸ ಎಲ್ಲ ತುಂಬಿಸಿ ಗಾಡಿ ಕಳುಹಿಸಿದ್ದೆ. ಖಂಡಾಲಾ ಘಾಟಿ ಇಳಿಯುವಾಗ ಮುಂದಿನ ಲಾರಿ ತಟ್ಟನೆ ನಿಂತಿತು. ನಮ್ಮ ಡ್ರೈವರ್ ಬ್ರೇಕ್ ಒತ್ತಿದಾಗ ಗಾಡಿ ನೇರ ನಿಲ್ಲುವ ಬದಲು ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆ ಬದಿಯ ಕಟ್ಟೆಗೆ ಒಂದು ಗೇಣು ಇರುವಾಗ ನಿಂತಿತು. ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ, ಒಂದು ಟೋಪು ಸಾಂಬಾರ್ ಮಾತ್ರ ಗಾಡಿಯೊಳಗೆ ಚೆಲ್ಲಿಹೋಯಿತು.

ಅದಕ್ಕೆ ಮೊದಲೇ ಆ ಹುಡುಗ ಮೂರು ಸಲ ಹೇಳಿದ್ದ: "ಅಣ್ಣಾ, ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಎಳೀತದೆ, ಒಮ್ಮೆ ಯಾರಿಗಾದರೂ ತೋರಿಸಿ." ನಾನು ತೋರಿಸಿರಲಿಲ್ಲ ಎಂದಲ್ಲ. ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ, ಮುಂದಿನ ಎರಡೂ ಟೈರ್ ಹೊಸದು ಹಾಕಿಸಿದ್ದೆ. "ಇನ್ನೇನು ಬಾಕಿ ಉಂಟು? ನಿನ್ನ ಕೈಯೇ ಸರಿ ಇಲ್ಲ" ಎಂದು ಗದರಿಸಿ, ಚೆಲ್ಲಿದ ಸಾಂಬಾರಿನ ದುಡ್ಡನ್ನು ಅವನ ಪಗಾರದಲ್ಲಿ ಹಿಡಿದೆ. ಹದಿನೈದು ದಿನ ಕಳೆದು ಬೇರೊಂದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿಯ ಕೆಳಗೆ ಮಲಗಿ, ಉದ್ದದ ಸಬ್ಬಲು ಹಾಕಿ ಮುಂದಿನ ಎಡಗಡೆಯ ಆರ್ಮ್ ಅನ್ನು ಮೀಟಿ ತೋರಿಸಿದರು. ಬಾಗಿಲು ಅಲುಗಾಡಿದ ಹಾಗೆ ಅದು ಹಿಂದೆ ಮುಂದೆ ಹೋಗುತ್ತಿತ್ತು. ಒಳಗಿನ ರಬ್ಬರ್ ಕಬ್ಬಿಣದಿಂದ ಪೂರ್ತಿ ಬಿಟ್ಟುಹೋಗಿತ್ತು. ನಾನು ಹಾಕಿಸಿದ ಎರಡು ಟೈರಿನ ದುಡ್ಡಿನ ಎದುರು ಆ ಬುಷ್‌ನ ಬೆಲೆ ಏನೂ ಅಲ್ಲ. ಹುಡುಗನ ದುಡ್ಡು ಮುಂದಿನ ಪಗಾರದಲ್ಲಿ ಸೇರಿಸಿ ಕೊಟ್ಟೆ. ಕೊಡುವಾಗ ಅವನ ಮುಖ ನೋಡಲಿಕ್ಕೆ ಆಗಲಿಲ್ಲ.

ಈಗ ವಿಷಯಕ್ಕೆ ಬರೋಣ. ಬುಷ್ ಎಂದರೆ ಒಂದರೊಳಗೆ ಒಂದು ಎರಡು ಕಬ್ಬಿಣದ ಕೊಳವೆ, ನಡುವೆ ಅಂಟಿಸಿದ ದಪ್ಪ ರಬ್ಬರ್. ಗಾಡಿಯ ಚಕ್ರ ನೇರವಾಗಿ ಚಾಸಿಗೆ ಸಿಕ್ಕಿಸಿರುವುದಿಲ್ಲ. ಚಕ್ರವನ್ನು ಲೋವರ್ ಆರ್ಮ್ ಹಿಡಿದಿರುತ್ತದೆ. ಆರ್ಮಿನ ಇನ್ನೊಂದು ತುದಿ ಮುಂಭಾಗದ ಅಡ್ಡ ಚೌಕಟ್ಟಿಗೆ, ಅಂದರೆ ಸಬ್‌ಫ್ರೇಮ್ ಅಥವಾ ಕ್ರಾಸ್ ಮೆಂಬರಿಗೆ, ಬುಷ್ ಮೂಲಕ ಕೂಡಿರುತ್ತದೆ. ಕೆಲವು ಗಾಡಿಗಳಲ್ಲಿ ಈ ಸಬ್‌ಫ್ರೇಮ್ ಚಾಸಿಗೆ ಸೇರುವ ಕಡೆಯೂ ಬುಷ್‌ಗಳಿರುತ್ತವೆ. ಹೊಂಡಕ್ಕೆ ಬಿದ್ದ ಪೆಟ್ಟನ್ನು ನುಂಗುವುದು ರಬ್ಬರಿನ ಒಂದು ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವುದು. ರಬ್ಬರ್ ಹರಿದಾಗ ಬ್ರೇಕ್ ಹಾಕಿದ ಕೂಡಲೇ ಆ ಬದಿಯ ಚಕ್ರ ಹಿಂದಕ್ಕೆ ಸರಿದು ತಿರುಗಿಬಿಡುತ್ತದೆ. ಸ್ಟಿಯರಿಂಗ್ ನೇರ ಹಿಡಿದಿದ್ದರೂ ಗಾಡಿ ಓರೆಯಾಗಿ ಎಳೆಯುವುದು ಇದರಿಂದಲೇ. ನಿಂತ ಗಾಡಿಯಲ್ಲಿ ಅಲೈನ್‌ಮೆಂಟ್ ಮಾಡಿದರೆ ಮೆಷಿನ್ ಸರಿ ಎಂದೇ ತೋರಿಸುತ್ತದೆ, ಏಕೆಂದರೆ ಅಲ್ಲಿ ಯಾರೂ ಬ್ರೇಕ್ ಒತ್ತಿರುವುದಿಲ್ಲ.

ನಿಮ್ಮ ಗಾಡಿ ಯಾವ ಜಾತಿಯದು ಎಂದು ಒಮ್ಮೆ ಬಗ್ಗಿ ನೋಡಿ. 2005ರಲ್ಲಿ ಬಂದ, ನಾವೆಲ್ಲ ಛೋಟಾ ಹಾಥಿ ಎನ್ನುವ ಟಾಟಾ ಏಸ್‌ನಲ್ಲಿ ಮುಂದೆಯೂ ಕಮಾನು ಪಟ್ಟಿಗಳೇ. ಅಲ್ಲಿ ಆರ್ಮ್ ಇಲ್ಲ, ಪಟ್ಟಿಯ ಎರಡೂ ತುದಿಯ ಕಣ್ಣುಗಳಲ್ಲಿ ಬುಷ್ ಇರುತ್ತದೆ. 2016ರಲ್ಲಿ ಬಂದ ಮಾರುತಿ ಸೂಪರ್ ಕ್ಯಾರಿಯಲ್ಲಿ ಮುಂದೆ ಕಾರಿನ ಹಾಗೆ ಕಾಯಿಲ್ ಸ್ಪ್ರಿಂಗ್, ಲೋವರ್ ಆರ್ಮ್, ಹಿಂದೆ ಮಾತ್ರ ಪಟ್ಟಿ. ಬೇರೆ ಗಾಡಿಗಳೂ ಈ ಎರಡರಲ್ಲಿ ಒಂದು ಬಗೆಗೆ ಹತ್ತಿರವೇ ಇರುತ್ತವೆ. ಪಟ್ಟಿ ಗಾಡಿಯಲ್ಲಿ ಬುಷ್ ಹೋದರೆ ಒಂದು ಚಕ್ರವಲ್ಲ, ಇಡೀ ಆಕ್ಸಲ್ಲೇ ಸ್ವಲ್ಪ ಓರೆಯಾಗುತ್ತದೆ.

ಬುಷ್ ಎಷ್ಟು ಕಿಲೋಮೀಟರಿಗೆ ಸವೆಯುತ್ತದೆ ಎಂದು ಕೆಲವರು ಕೇಳುತ್ತಾರೆ. ಅದಕ್ಕೊಂದು ಅಂಕಿ ಹೇಳುವುದರಲ್ಲಿ ಅರ್ಥವಿಲ್ಲ. ತರಕಾರಿ ಸಾಗಿಸುವ ಗಾಡಿ ಬೇರೆ, ನಮ್ಮ ಗಾಡಿ ಬೇರೆ. ನಮ್ಮದು ಹೆಚ್ಚು ಓಡುವುದಿಲ್ಲ, ಆದರೆ ಓಡಿದಾಗಲೆಲ್ಲ ತುಂಬಿಯೇ ಓಡುತ್ತದೆ. ಲೆಕ್ಕ ಹಾಕಿ ನೋಡಿ. 20 ಲೀಟರಿನ ನೀರಿನ ಕ್ಯಾನ್ 15 ಇಟ್ಟರೆ ನೀರೇ 300 ಕಿಲೋ. 60 ಲೀಟರಿನ ಮೂರು ಟೋಪು ಎಂದರೆ ಪದಾರ್ಥವೇ ಸುಮಾರು 180 ಕಿಲೋ. 19 ಕಿಲೋ ಗ್ಯಾಸಿನ ಕಮರ್ಷಿಯಲ್ ಸಿಲಿಂಡರ್ ತುಂಬಿದ್ದಾಗ 30 ಕಿಲೋ ದಾಟುತ್ತದೆ, ನಾಲ್ಕಿಟ್ಟರೆ 120ಕ್ಕೂ ಮೇಲೆ. ಅಲ್ಲಿಗೆ 600 ಕಿಲೋ ಆಯಿತು. ಭಟ್ಟಿ, ಕಡಾಯಿ, ತಟ್ಟೆ, ಬಡಿಸುವ ಕೌಂಟರ್ ಇನ್ನೂ ಹೊರಗೇ ಇವೆ. ಆರ್‌ಸಿ ಪುಸ್ತಕದಲ್ಲಿ ಖಾಲಿ ಗಾಡಿಯ ತೂಕ, ತುಂಬಿದ ಗಾಡಿಯ ತೂಕ ಎರಡೂ ಇರುತ್ತವೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ನಿಮಗೆಷ್ಟು ಅವಕಾಶ ಎಂದು ತಿಳಿಯುತ್ತದೆ. ಇದರ ಮೇಲೆ ನಾಲ್ಕು ಹುಡುಗರನ್ನು ಹಿಂದೆ ಕೂರಿಸಿ ಕಳುಹಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಬುಷ್‌ನ ಮಾತು ಬಿಡಿ, ಸರಕಿನ ಗಾಡಿಯಲ್ಲಿ ಹಾಗೆ ಜನ ಸಾಗಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆ ಕಂಪೆನಿಯೂ ಕೈ ಎತ್ತಬಹುದು.

ಸಾಮಾನು ಇರುವುದು ಹಿಂದೆ, ಮುಂದಿನ ಬುಷ್ ಏಕೆ ಸವೆಯಬೇಕು ಎಂದು ಕೇಳಬಹುದು. ಬ್ರೇಕ್ ಹಾಕಿದಾಗ ಇಡೀ ಗಾಡಿಯ ಭಾರ ಮುಂದಕ್ಕೆ ನುಗ್ಗುತ್ತದೆ. ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಪಾಲು ಕೆಲಸ ಮುಂದಿನ ಚಕ್ರಗಳದ್ದು, ಆ ಬಲವೆಲ್ಲ ಬುಷ್ ಮೂಲಕವೇ ಚಾಸಿಗೆ ಹೋಗಬೇಕು. ನಮ್ಮದು ದ್ರವ ಪದಾರ್ಥ ಬೇರೆ. ಅಕ್ಕಿ ಮೂಟೆ ಕುಳಿತಲ್ಲಿ ಕುಳಿತಿರುತ್ತದೆ, ಸಾಂಬಾರ್ ಕುಳಿತಿರುವುದಿಲ್ಲ.

ಇನ್ನೊಂದು ಶತ್ರು ಎಣ್ಣೆ. ಬುಷ್‌ಗಳಲ್ಲಿ ಸಾಮಾನ್ಯವಾಗಿ ಇರುವ ರಬ್ಬರ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಡೀಸೆಲ್ ಆಗಲಿ ನಮ್ಮ ಕರಿದ ಎಣ್ಣೆಯಾಗಲಿ ವ್ಯತ್ಯಾಸವಿಲ್ಲ. ಗಾಡಿ ತೊಳೆದ ಮೇಲೆ ತುಕ್ಕು ಹಿಡಿಯಬಾರದೆಂದು ಕೆಳಗೆಲ್ಲ ಡೀಸೆಲ್ ಸ್ಪ್ರೇ ಹೊಡೆಯುವ ಪದ್ಧತಿ ಸರ್ವಿಸ್ ಸ್ಟೇಷನ್‌ಗಳಲ್ಲಿದೆ. ಅದನ್ನು ಬೇಡವೆನ್ನಿ. ಬುಷ್ ಕಿರ್ ಎನ್ನುತ್ತದೆ ಎಂದು ಗ್ರೀಸ್ ಸವರುವುದೂ ತಪ್ಪು. ಎರಡು ದಿನ ಸದ್ದು ನಿಲ್ಲುತ್ತದೆ, ಆಮೇಲೆ ರಬ್ಬರೇ ಹೋಗುತ್ತದೆ.

ಸವೆದದ್ದನ್ನು ಗುರುತಿಸುವುದು ಕಷ್ಟವಲ್ಲ. ಸ್ಪೀಡ್ ಬ್ರೇಕರ್ ಮೇಲೆ ಮುಂದಿನಿಂದ ಟಕ್ ಎಂಬ ಸದ್ದು, ರಿವರ್ಸ್‌ನಿಂದ ಮುಂದಿನ ಗೇರಿಗೆ ಬಂದು ಹೊರಡುವಾಗಲೂ ಅದೇ ಸದ್ದು. ಬ್ರೇಕ್ ಹಾಕಿದಾಗ ಒಂದೇ ಬದಿಗೆ ಎಳೆತ. ಬ್ರೇಕಿನದೇ ದೋಷದಿಂದಲೂ ಎಳೆಯಬಹುದು, ಆದ್ದರಿಂದ ಅದನ್ನೂ ನೋಡಿಸಿ. ಟೈರಿನ ಒಂದೇ ಅಂಚು ಬೇಗ ಸವೆಯುವುದು, ಅಲೈನ್‌ಮೆಂಟ್ ಮಾಡಿಸಿ ತಿಂಗಳಾಗುವ ಮೊದಲೇ ಮತ್ತೆ ಕೆಡುವುದು. ಇವುಗಳಲ್ಲಿ ಎರಡು ಕಂಡರೂ ಗಾಡಿಯ ಕೆಳಗೆ ನೋಡಲೇಬೇಕು. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಸಣ್ಣ ಬಿರುಕಿದ್ದರೆ ಹೆದರಬೇಕಾಗಿಲ್ಲ, ವಯಸ್ಸಾದ ರಬ್ಬರಿನ ಲಕ್ಷಣ ಅದು. ಆಳವಾಗಿ ಹರಿದಿದ್ದರೆ, ಕಬ್ಬಿಣದಿಂದ ಬಿಟ್ಟುಕೊಂಡಿದ್ದರೆ ಅಥವಾ ನಡುವಿನ ಕೊಳವೆ ಒಂದು ಪಕ್ಕಕ್ಕೆ ಸರಿದು ಕುಳಿತಿದ್ದರೆ ಬದಲಾಯಿಸಬೇಕು. ಮೆಕ್ಯಾನಿಕ್ ಸಬ್ಬಲು ಹಾಕಿ ಮೀಟುವಾಗ ನೀವೂ ಬಗ್ಗಿ ನೋಡಿ. ಶಾಕ್ ಅಬ್ಸಾರ್ಬರ್ ಹೋಗಿದೆ, ಬಾಲ್ ಜಾಯಿಂಟ್ ಹೋಗಿದೆ ಎಂದು ಬರೀ ಬಾಯಲ್ಲಿ ಹೇಳಿದರೆ ಸಾಲದು, ಯಾವುದು ಅಲುಗಾಡುತ್ತಿದೆ ಎಂದು ತೋರಿಸಲಿ.

ಬದಲಾಯಿಸುವ ಕೆಲಸ ಗ್ಯಾರೇಜಿನವರದ್ದು. ಆದರೂ ಎದುರು ನಿಂತು ನೋಡುವಷ್ಟು ನಮಗೆ ತಿಳಿದಿರಬೇಕು. ಗಾಡಿ ಸಮ ನೆಲದಲ್ಲಿರಬೇಕು, ಜಾಕಿಯೊಂದನ್ನೇ ನಂಬದೆ ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಅಲೈನ್‌ಮೆಂಟ್ ಹೊಂದಿಸುವ ಬೋಲ್ಟ್ ಇದ್ದರೆ ಬಿಚ್ಚುವ ಮೊದಲು ಅದರ ಸ್ಥಾನಕ್ಕೆ ಗುರುತು ಹಾಕಬೇಕು. ಚಕ್ರ ತೆಗೆದು, ಬಾಲ್ ಜಾಯಿಂಟ್ ಬಿಡಿಸಿ, ಆರ್ಮನ್ನು ಹೊರತೆಗೆದು ಹಳೆಯ ಬುಷ್ ಅನ್ನು ಪ್ರೆಸ್‌ನಲ್ಲಿ ಒತ್ತಿ ತೆಗೆಯುವುದು ಸರಿಯಾದ ಕ್ರಮ. ಪ್ರೆಸ್ ಇಲ್ಲದ ಕಡೆ ಗ್ಯಾಸ್ ಬೆಂಕಿ ಕೊಟ್ಟು ರಬ್ಬರ್ ಸುಟ್ಟು, ಉಳಿದ ಕೊಳವೆಯನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯುತ್ತಾರೆ. ಆ ಶಾಖಕ್ಕೆ ಆರ್ಮಿನ ಕಬ್ಬಿಣವೇ ಬಲ ಕಳೆದುಕೊಳ್ಳಬಹುದು, ಹೊಗೆಯೂ ವಿಷ. ಅಂಥ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ. ಹೊಸದನ್ನು ಕೂರಿಸುವಾಗ ಒತ್ತಡ ಹೊರಗಿನ ಕೊಳವೆಯ ಮೇಲೆ ಮಾತ್ರ ಬೀಳಬೇಕು. ಜಾರಲು ಬೇಕಿದ್ದರೆ ಸಾಬೂನು ನೀರು ಸಾಕು. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗವಿರುತ್ತದೆ, ಅದು ಹಳೆಯದರಲ್ಲಿ ಯಾವ ಕಡೆಗಿತ್ತೋ ಅದೇ ಕಡೆಗೆ ಬರಬೇಕು.

ಈಗ ಹೇಳುವುದನ್ನು ಬೇಕಾದರೆ ಕತ್ತರಿಸಿ ಡ್ರೈವರಿನ ಕೈಗೇ ಕೊಡಿ, ಏಕೆಂದರೆ ಹೊಸ ಬುಷ್ ಆರು ತಿಂಗಳಲ್ಲಿ ಮತ್ತೆ ಹೋಯಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಬುಷ್‌ನ ಒಳಗಿನ ಕೊಳವೆ ಚೌಕಟ್ಟಿಗೆ ಅಂಟಿಕೊಂಡು ನಿಲ್ಲುತ್ತದೆ, ತಿರುಗುವುದಿಲ್ಲ. ಚಕ್ರ ಮೇಲೆ ಕೆಳಗೆ ಹೋದಾಗ ನಡುವಿನ ರಬ್ಬರ್ ತಿರುಚಿಕೊಂಡು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಗಾಡಿ ಜಾಕಿಯ ಮೇಲಿರುವಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟ್ ಪೂರ್ತಿ ಬಿಗಿದರೆ ರಬ್ಬರಿಗೆ ಜೋತುಬಿದ್ದ ಸ್ಥಾನವೇ ಮೂಲಸ್ಥಾನವಾಗುತ್ತದೆ. ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ರಾತ್ರಿ ಶೆಡ್ಡಿನಲ್ಲಿ ನಿಂತಿರುವಾಗಲೂ ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಮುಕ್ಕಾಲು ಟನ್ ಹೇರಿ ಹೊಂಡಕ್ಕೆ ಇಳಿಸಿದರೆ ಹರಿಯದೆ ಏನು ಮಾಡೀತು? ಆದ್ದರಿಂದ ಮೇಲಿರುವಾಗ ಬೋಲ್ಟನ್ನು ಸುಮ್ಮನೆ ಹಿಡಿಯುವಷ್ಟೇ ಬಿಗಿದು, ಚಕ್ರ ಹಾಕಿ, ಗಾಡಿ ಇಳಿಸಿ, ಎರಡು ಮೂರು ಸಲ ಮುಂಭಾಗವನ್ನು ಒತ್ತಿ ಅಲುಗಾಡಿಸಿ, ಭಾರ ಚಕ್ರದ ಮೇಲಿರುವಾಗಲೇ ಕಂಪೆನಿಯ ಅಳತೆಯಂತೆ ಟಾರ್ಕ್ ಪಾನಾದಲ್ಲಿ ಪೂರ್ತಿ ಬಿಗಿಯಬೇಕು. ಕೆಳಗೆ ಇಳಿಯಲು ಗುಂಡಿ ಇರುವ ಗ್ಯಾರೇಜಿನಲ್ಲಿ ಇದು ಸುಲಭ. ಇಲ್ಲದಿದ್ದರೆ ಆರ್ಮಿನ ಕೆಳಗೆ ಜಾಕಿ ಕೊಟ್ಟು ಮಾಮೂಲಿ ಎತ್ತರಕ್ಕೆ ತಂದು ಬಿಗಿಯಬಹುದು. ರಬ್ಬರ್ ಬುಷ್ ಇರುವ ಕಮಾನು ಪಟ್ಟಿಗೂ ಇದೇ ನಿಯಮ.

ಒಂದು ಬದಿ ಮಾತ್ರ ಹೋಗಿದ್ದರೂ ಎರಡೂ ಬದಿ ಹಾಕಿಸಿ. ಒಂದು ಕಡೆ ಹೊಸದು ಗಟ್ಟಿ, ಇನ್ನೊಂದು ಕಡೆ ಹಳೆಯದು ಮೆತ್ತಗೆ ಇದ್ದರೆ ಎಳೆತ ಪೂರ್ತಿ ಹೋಗುವುದಿಲ್ಲ. ಬಾಲ್ ಜಾಯಿಂಟಿಗೂ ವಯಸ್ಸಾಗಿದ್ದರೆ, ಬುಷ್ ಸಮೇತ ಇಡೀ ಆರ್ಮ್ ಸಿಗುವ ಗಾಡಿಗಳಲ್ಲಿ ಅದನ್ನೇ ಹಾಕಿಸುವುದು ನನಗೆ ಲಾಭವೆನಿಸಿದೆ. ಖರ್ಚು ಹೆಚ್ಚು, ಆದರೆ ಪ್ರೆಸ್‌ನ ಕೆಲಸ ಉಳಿದು ಗಾಡಿ ಬೇಗ ಸಿಗುತ್ತದೆ. ರಬ್ಬರಿನ ಬದಲು ಪಾಲಿಯುರೆಥೇನ್ ಬುಷ್ ಹಾಕಿಸಿ, ಜನ್ಮವಿಡೀ ಬರುತ್ತದೆ ಎನ್ನುವವರಿದ್ದಾರೆ. ಅದು ಗಟ್ಟಿ ನಿಜ, ಪೆಟ್ಟನ್ನೂ ಅಷ್ಟೇ ಗಟ್ಟಿಯಾಗಿ ಮೇಲಕ್ಕೆ ಕಳುಹಿಸುತ್ತದೆ. ಪಾಯಸ ಸಾಗಿಸುವ ಗಾಡಿಗೆ ಬೇಡ.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಅದನ್ನು ಬುಷ್ ಹಾಕುವ ಮೊದಲು ಮಾಡಿಸಿ ದುಡ್ಡು ಕಳೆದವನು ನಾನು.

ಯಾವಾಗ ಮಾಡಿಸಬೇಕು? ಮಳೆಗಾಲದ ಹೊಂಡಗಳೇ ಬುಷ್‌ಗೆ ಹೆಚ್ಚು ಪೆಟ್ಟು ಕೊಡುವುದರಿಂದ ಆಷಾಢದಲ್ಲಿ ಬಿಡುವಿದೆಯೆಂದು ಆಗ ಹಾಕಿಸುವುದಕ್ಕಿಂತ ಮಳೆ ಹಿಂದೆ ಸರಿಯುವಾಗ ನೋಡಿಸುವುದು ಮೇಲು. ಚೌತಿಯ ಗಡಿಬಿಡಿ ಮುಗಿದು ನವರಾತ್ರಿ ಶುರುವಾಗುವ ಮೊದಲು ಪಿತೃಪಕ್ಷದ ಹದಿನೈದು ದಿನ ಶುಭಕಾರ್ಯದ ಆರ್ಡರ್ ಇರುವುದಿಲ್ಲ. ಗಾಡಿಯನ್ನು ಒಂದು ದಿನ ಗ್ಯಾರೇಜಿನಲ್ಲಿ ಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗದು. ತುಳಸಿ ಪೂಜೆ ಕಳೆದು ಮದುವೆ ಸೀಸನ್ ಬಂದ ಮೇಲೆ ಗ್ಯಾರೇಜಿಗೆ ಓಡಿದರೆ ಬಾಡಿಗೆ ಟೆಂಪೋದ ಖರ್ಚೂ ಸೇರುತ್ತದೆ. ಹೋಗುವಾಗ ಡ್ರೈವರನ್ನೂ ಕರೆದುಕೊಂಡು ಹೋಗಿ. ಯಾವ ರಸ್ತೆಯಲ್ಲಿ, ಎಷ್ಟು ಭಾರವಿದ್ದಾಗ, ಯಾವ ಬದಿಗೆ ಎಳೆಯುತ್ತದೆ ಎಂಬುದನ್ನು ಮೆಕ್ಯಾನಿಕ್‌ಗೆ ಅವನೇ ಹೇಳಲಿ. ತೆಗೆದ ಹಳೆಯ ಬುಷ್‌ಗಳನ್ನು ಕೇಳಿ ಪಡೆದುಕೊಂಡೇ ಬನ್ನಿ.